ದಿವಾಳಿಯ ಕಥೆ, ಕಥೆಗಾರರ ದಿವಾಳಿ

ಕೊರೋನಾ ಕಾಲ ಕಳೆದು ಕಾಲೇಜುಗಳು ಪೂರ್ತಿಯಾಗಿ ಬಾಗಿಲು ತೆರೆದ ಮೇಲೆ, ಒಂದು ದಿನ ಬಿ.ಎ. ತರಗತಿಯಲ್ಲಿ ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದ ಭಾಗವೊಂದನ್ನು ಪಾಠ ಮಾಡುತ್ತಿದ್ದೆ. ರಾಜ್ಯವನ್ನೆಲ್ಲ ಧಾರೆಯೆರೆದು ಬರಿಗೈಯಲ್ಲಿ ಹೊರಟ ಅರಸನನ್ನು ತಡೆದು, ಹಿಂದೆ ಯಾಗದ ಕಾಲದಲ್ಲಿ ಕೊಡುತ್ತೇನೆಂದ ಹೊನ್ನು ಎಲ್ಲಿ ಎಂದು ವಿಶ್ವಾಮಿತ್ರ ಕೇಳುವ ಸಂದರ್ಭ. ಗಡುವು ಗೊತ್ತಾಗುತ್ತದೆ. ವಸೂಲಿಗೆಂದು ನಕ್ಷತ್ರಿಕ ಬೆನ್ನುಹತ್ತುತ್ತಾನೆ. ಇಷ್ಟು ಹೇಳುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಹರಿಶ್ಚಂದ್ರ ದಿವಾಳಿ ಅರ್ಜಿ ಹಾಕಬಹುದಾಗಿತ್ತಲ್ಲ?” ಎಂದ. ತರಗತಿ ನಕ್ಕಿತು. ನಾನೂ ನಕ್ಕು, “ಹಾಕಿದ್ದರೆ ಅವನು ಹರಿಶ್ಚಂದ್ರನಾಗುತ್ತಿರಲಿಲ್ಲ, ಕೂತುಕೊ” ಎಂದು ಮುಂದಿನ ಪದ್ಯಕ್ಕೆ ಹೋದೆ. ಮೇಷ್ಟರ ಕಸುಬಿನಲ್ಲಿ ಇಂಥ ಉತ್ತರಗಳು ಬೇಗ ಒದಗುತ್ತವೆ. ಬೇಗ ಒದಗಿದ್ದು ಸರಿಯಾದ ಉತ್ತರವೇ ಆಗಿರಬೇಕೆಂದಿಲ್ಲ ಎಂಬುದು ಮನೆಗೆ ಹೋಗುವ ದಾರಿಯಲ್ಲಿ ಹೊಳೆಯಿತು. ಏಕೆಂದರೆ ಇದೇ ಉತ್ತರವನ್ನು ಬೇರೆ ಮಾತಿನಲ್ಲಿ ನನ್ನ ಸೋದರಮಾವನಿಗೂ ನಾನು ಹೇಳಿದ್ದೆ.

ಮಾವನವರದು ಜಿಲ್ಲಾ ಕೇಂದ್ರವೊಂದರಲ್ಲಿ ಚಿಕ್ಕ ಮುದ್ರಣಾಲಯ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರ ಇವೇ ಅದರ ಜೀವನ. ತಾತನ ಕಾಲದ ಟ್ರೆಡಲ್ ಯಂತ್ರ ಮೂಲೆ ಸೇರಿ, 2018ರಲ್ಲಿ ಬ್ಯಾಂಕಿನ ಸಾಲದಿಂದ ಆಫ್‌ಸೆಟ್ ಯಂತ್ರ ಬಂದಿತ್ತು. ಮಾವನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ದೊಡ್ಡ ಮನೆ ಕಟ್ಟಿಸುವ ಹಂಬಲವೂ ಇರಲಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ದೇಶಕ್ಕೆ ದೇಶವೇ ಕದ ಹಾಕಿಕೊಂಡಿತು. ಮುಂದಿನ ಎರಡು ತಿಂಗಳು ಲಗ್ನದ ಕಾಲ. ಮೇ ತಿಂಗಳಲ್ಲಿ, ಮದುವೆಗೆ ಐವತ್ತು ಜನಕ್ಕಿಂತ ಹೆಚ್ಚು ಕೂಡದೆಂಬ ಕಟ್ಟಳೆ ಬಂತು. ಐವತ್ತು ಜನರನ್ನು ಕರೆಯಲು ಲಗ್ನಪತ್ರಿಕೆ ಯಾರಿಗೆ ಬೇಕು? ಫೋನು ಸಾಕು. ಮಾರ್ಚ್ 1ರಿಂದ ಆಗಸ್ಟ್ 31ರವರೆಗಿನ ಕಂತುಗಳನ್ನು ಮುಂದೂಡಲು ರಿಸರ್ವ್ ಬ್ಯಾಂಕು ಅವಕಾಶ ಕೊಟ್ಟಿತು. ಕಂತು ನಿಂತಿತು, ಬಡ್ಡಿ ನಿಲ್ಲಲಿಲ್ಲ. 2021ರಲ್ಲಿ ಎರಡನೆಯ ಅಲೆಯೂ ಲಗ್ನದ ತಿಂಗಳುಗಳನ್ನೇ ಹುಡುಕಿಕೊಂಡು ಬಂತು. ಮಾವ ಕೈಸಾಲ ಮಾಡಿ ಬ್ಯಾಂಕಿನ ಕಂತು ಕಟ್ಟಿದರು, ಅತ್ತೆಯ ಬಳೆ ಅಡವಿಟ್ಟು ಕೈಸಾಲದ ಬಡ್ಡಿ ಕಟ್ಟಿದರು.

ಆ ದಿನಗಳಲ್ಲಿ ಒಮ್ಮೆ ಅವರ ಮನೆಗೆ ಹೋಗಿದ್ದೆ. ಏನು ಮಾಡಲೆಂದು ತೋಚುತ್ತಿಲ್ಲ ಎಂದು ಅವರು ಅಂದಾಗ, “ಸಾಲ ಅಂದಮೇಲೆ ತೀರಿಸಲೇಬೇಕಲ್ಲ ಮಾವ. ಹರಿಶ್ಚಂದ್ರ ತನ್ನನ್ನೇ ಮಾರಿಕೊಂಡು ತೀರಿಸಿದ” ಎಂದೆ. ಧೈರ್ಯ ಹೇಳುತ್ತಿದ್ದೇನೆಂದೇ ನಾನು ಭಾವಿಸಿದ್ದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವನನ್ನ ಕೊಂಡುಕೊಳ್ಳೋಕೆ ಒಬ್ಬ ಇದ್ದ ಕಣಪ್ಪ. ನನ್ನ ಯಂತ್ರ ಕೊಂಡುಕೊಳ್ಳೋಕೂ ಈಗ ಯಾರೂ ಇಲ್ಲ” ಎಂದರು. ಆಮೇಲೆ ಬಹಳ ದಿನ ನನ್ನೊಡನೆ ಮಾತು ಕಡಮೆ ಮಾಡಿದರು. ‘ಹರಿಶ್ಚಂದ್ರ ಕಾವ್ಯ’ ಬರೆದದ್ದಕ್ಕಾಗಿ ರಾಘವಾಂಕ ತನ್ನ ಸೋದರಮಾವ ಹರಿಹರನ ಕೋಪಕ್ಕೆ ಗುರಿಯಾದನೆಂಬ ಐತಿಹ್ಯ ಓದುಗರಿಗೆ ತಿಳಿದದ್ದೇ. ಹರಿಶ್ಚಂದ್ರನ ದೆಸೆಯಿಂದ ಸೋದರಮಾವನ ಮನಸ್ಸು ಕೆಡಿಸಿದ ಸೋದರಳಿಯರಲ್ಲಿ ನಾನು ಮೊದಲನೆಯವನಲ್ಲ ಎಂಬುದಷ್ಟೆ ಸಮಾಧಾನ.

ಮಾವನ ಆ ಮಾತನ್ನು ಇಟ್ಟುಕೊಂಡು ಸಾಹಿತ್ಯದ ಕೆಲವು ದಿವಾಳಿಗಳನ್ನು ಮತ್ತೆ ಓದಿದೆ. ಓದಿದಾಗ ಕಂಡದ್ದನ್ನು ಇಲ್ಲಿ ಒಪ್ಪಿಸುತ್ತೇನೆ.

ಮೊದಲು ಪದದ ವಿಚಾರ. ‘ದಿವಾಳಿ’ ಉತ್ತರದ ಭಾಷೆಗಳಿಂದ ನಮ್ಮಲ್ಲಿಗೆ ಬಂದದ್ದು. ವ್ಯಾಪಾರ ಮುರಿದುಬಿದ್ದ ವರ್ತಕ ಹಾಡುಹಗಲಲ್ಲಿ ಅಂಗಡಿಯೊಳಗೆ ದೀಪ ಹಚ್ಚಿಟ್ಟು ತನ್ನ ಸ್ಥಿತಿಯನ್ನು ಪೇಟೆಗೆ ಸಾರುತ್ತಿದ್ದ, ಆ ದೀಪದಿಂದ ಈ ಮಾತು ಹುಟ್ಟಿತು ಎಂದು ಹಳೆಯ ನಿಘಂಟುಕಾರರು ವಿವರಿಸುತ್ತಾರೆ. ಮೈಸೂರು ಸೀಮೆಯ ಹಿರಿಯರು ‘ಪಾಪರ್ ಚೀಟಿ ತೆಗೆದುಕೊಂಡ’ ಎನ್ನುತ್ತಿದ್ದರು. ಅದು ಬಡವನೆಂಬ ಅರ್ಥದ ಇಂಗ್ಲಿಷ್ ಪದ. ಆದರೆ ನಮ್ಮ ಕಿವಿಗೆ ಅದರಲ್ಲಿ ‘ಪಾಪ’ವೇ ಮೊದಲು ಕೇಳಿಸುತ್ತದೆ. ಇನ್ನು ‘ಸಾಲಗಾರ’ ಎಂಬ ಮಾತು ವಿಚಿತ್ರವಾದದ್ದು. ಸಾಲ ತಂದವನೂ ಸಾಲಗಾರನೇ, ಸಾಲ ಕೊಟ್ಟು ಬಾಗಿಲಿಗೆ ಬಂದು ಕೂತವನೂ ಸಾಲಗಾರನೇ. ಇಬ್ಬರನ್ನೂ ಒಂದೇ ಹಗ್ಗ ಕಟ್ಟಿದೆಯೆಂಬುದು ನಮ್ಮ ಭಾಷೆಗೆ ಮೊದಲೇ ಗೊತ್ತಿದ್ದಂತೆ ಕಾಣುತ್ತದೆ. ನಮ್ಮ ಕಥೆಗಾರರಿಗೆ ಅದು ಅಷ್ಟಾಗಿ ಗೊತ್ತಾಗಿಲ್ಲ.

ಈಗ ಸ್ಕಾಟ್ಲೆಂಡಿನ ಕಥೆ. ಸರ್ ವಾಲ್ಟರ್ ಸ್ಕಾಟನ ಕಾದಂಬರಿಗಳನ್ನು ನಮ್ಮ ಹಿಂದಿನ ತಲೆಮಾರಿನವರು ಶಾಲೆಯಲ್ಲಿ ಓದಿದ್ದಾರೆ. ಜೇಮ್ಸ್ ಬ್ಯಾಲಂಟೈನ್ ಎಂಬವನ ಮುದ್ರಣಾಲಯದಲ್ಲಿ ಸ್ಕಾಟ್ ಗುಟ್ಟಾಗಿ ಪಾಲುದಾರನಾಗಿದ್ದ. ಆ ಮುದ್ರಣಾಲಯಕ್ಕೂ ಕಾನ್‌ಸ್ಟೇಬಲ್ ಎಂಬ ಪ್ರಕಾಶಕನಿಗೂ ಅವನ ಲಂಡನ್ ಏಜೆಂಟರಾದ ಹರ್ಸ್ಟ್ ರಾಬಿನ್‌ಸನ್ ಕಂಪನಿಗೂ ನಡುವೆ ನಡೆಯುತ್ತಿದ್ದದ್ದು ಹುಂಡಿಯ ವ್ಯವಹಾರ. ಇವನ ಹುಂಡಿಗೆ ಅವನ ರುಜು, ಅವನ ಹುಂಡಿಗೆ ಇವನ ರುಜು. ಬ್ಯಾಂಕುಗಳು ಹಣ ಕೊಡುವತನಕ ಎಲ್ಲರೂ ಸಿರಿವಂತರೇ. 1825ರವರೆಗೆ ಲಂಡನ್ನಿನಲ್ಲಿ ದುಡ್ಡಿಗೆ ಮಿತಿಯಿರಲಿಲ್ಲ. ದಕ್ಷಿಣ ಅಮೆರಿಕದ ಗಣಿಗಳಿಗೂ ಹೊಸ ಸರಕಾರಗಳ ಸಾಲಪತ್ರಗಳಿಗೂ ಜನ ಮುಗಿಬಿದ್ದಿದ್ದರು. ‘ಪೊಯಾಯಿಸ್’ ಎಂಬ ಇಲ್ಲದ ದೇಶದ ಹೆಸರಿನಲ್ಲೂ 1822ರಲ್ಲಿ ಒಬ್ಬ ಸಾಲಪತ್ರ ಮಾರಿದ್ದನೆಂದರೆ ಆ ಅಮಲನ್ನು ಊಹಿಸಬಹುದು. 1825ರ ಡಿಸೆಂಬರಿನಲ್ಲಿ ಅಮಲು ಇಳಿಯಿತು. ಕೆಲವೇ ವಾರಗಳಲ್ಲಿ ಇಂಗ್ಲೆಂಡಿನ 60ಕ್ಕೂ ಹೆಚ್ಚು ಬ್ಯಾಂಕುಗಳು ಬಾಗಿಲು ಹಾಕಿದವು. 1826ರ ಜನವರಿಯಲ್ಲಿ ಹರ್ಸ್ಟ್ ರಾಬಿನ್‌ಸನ್ ಬಿದ್ದಿತು, ಅದು ಕಾನ್‌ಸ್ಟೇಬಲನನ್ನು ಎಳೆಯಿತು, ಅವನು ಬ್ಯಾಲಂಟೈನನನ್ನು ಎಳೆದ. ಸ್ಕಾಟನ ತಲೆಯ ಮೇಲೆ ಸುಮಾರು 1,20,000 ಪೌಂಡಿನ ಹೊಣೆ ಬಂದು ಕೂತಿತು.

ಆಗ ಸ್ಕಾಟ್ ಮಾಡಿದ್ದು ಲೋಕಪ್ರಸಿದ್ಧವಾಗಿದೆ. ಅವನು ದಿವಾಳಿಯಾಗಿ ಕೈತೊಳೆದುಕೊಳ್ಳಲು ಒಪ್ಪಲಿಲ್ಲ. ಆಸ್ತಿಯನ್ನೂ ಮುಂದಿನ ಬರವಣಿಗೆಯ ಆದಾಯವನ್ನೂ ಸಾಲ ಕೊಟ್ಟವರ ಪರವಾಗಿ ಧರ್ಮದರ್ಶಿಗಳ ಕೈಗೆ ಬರೆದುಕೊಟ್ಟು ಬರೆಯಲು ಕೂತ. ಅದೇ ವರ್ಷದ ಮೇ ತಿಂಗಳಲ್ಲಿ ಹೆಂಡತಿ ತೀರಿಕೊಂಡಳು. ಲೇಖನಿ ನಿಲ್ಲಲಿಲ್ಲ. ‘ವುಡ್‌ಸ್ಟಾಕ್’ ಬಂತು, 1827ರಲ್ಲಿ ನೆಪೋಲಿಯನ್ನನ ಜೀವನಚರಿತ್ರೆ ಒಂಬತ್ತು ಸಂಪುಟಗಳಲ್ಲಿ ಬಂತು. 1832ರಲ್ಲಿ ಅವನು ಸತ್ತ. ಉಳಿದ ಸಾಲ ಅವನ ತರುವಾಯ ಗ್ರಂಥಸ್ವಾಮ್ಯದ ಹಣದಿಂದ ತೀರಿತು. ಯೂರೋಪಿನ ಹರಿಶ್ಚಂದ್ರ ಎಂದರೆ ಇವನೇ ಎಂದು ನಾನೂ ಹಿಂದೆ ಒಂದು ಭಾಷಣದಲ್ಲಿ ಹೇಳಿದ್ದುಂಟು.

ಅದೇ ಕಾಲಕ್ಕೆ ಪ್ಯಾರಿಸ್ಸಿನಲ್ಲಿ ಇನ್ನೊಬ್ಬ ಕಾದಂಬರಿಕಾರ ಮುದ್ರಣಾಲಯ ನಡೆಸಿ ಕೆಟ್ಟ. ಬಾಲ್ಜಾಕ್ 1826ರಲ್ಲಿ ಸಾಲದ ಹಣದಿಂದ ಮುದ್ರಣಾಲಯ ಕೊಂಡು, ಎರಡೇ ವರ್ಷದಲ್ಲಿ ಅದನ್ನು ಕಳೆದುಕೊಂಡು, ತಾಯಿಗೂ ಗೆಳತಿಗೂ ಸಾಲಗಾರನಾಗಿ ಹೊರಬಿದ್ದ. ಆಮೇಲಿನ ಜೀವನವೆಲ್ಲ ಸಾಲದೊಡನೆ ಕಣ್ಣಾಮುಚ್ಚಾಲೆ. ಪಾಸಿಯಲ್ಲಿ ಅವನು ಬೇರೆ ಹೆಸರಿನಿಂದ ಬಾಡಿಗೆಗಿದ್ದ ಮನೆಗೆ ಎರಡು ಬಾಗಿಲು. ವಸೂಲಿಯವರು ಒಂದರಲ್ಲಿ ಬಂದರೆ ಇನ್ನೊಂದರಲ್ಲಿ ಜಾರಿಕೊಳ್ಳಬಹುದಿತ್ತು. ಇಂಥವನು 1837ರಲ್ಲಿ ಬರೆದ ‘ಸೆಸಾರ್ ಬಿರೊತೊ’ ಎಂಬ ಕಾದಂಬರಿಯ ನಾಯಕ ಸುಗಂಧದ್ರವ್ಯದ ವರ್ತಕ. ಜಮೀನಿನ ವ್ಯವಹಾರದಲ್ಲಿ ಕೈಹಾಕಿ ದಿವಾಳಿಯಾಗುತ್ತಾನೆ. ಸಾಲ ಕೊಟ್ಟವರು ಒಪ್ಪಂದಕ್ಕೆ ಬಂದು ಬಾಕಿಯನ್ನು ಬಿಟ್ಟುಕೊಟ್ಟ ಮೇಲೂ ಬಿಡದೆ, ತಾನೂ ಹೆಂಡತಿಯೂ ಮಗಳೂ ದುಡಿದು ಕೊನೆಯ ಕಾಸನ್ನೂ ತೀರಿಸುತ್ತಾನೆ. ಮರ್ಯಾದೆ ಮರಳಿ ಬಂದ ದಿನ ಆ ಸಂತೋಷವನ್ನು ತಾಳಲಾರದೆ ಪ್ರಾಣ ಬಿಡುತ್ತಾನೆ.

ಕಲಾಕೃತಿಯಾಗಿ ಇದರ ಕಟ್ಟಡ ಭದ್ರವಾಗಿದೆ. ಮೊದಲಲ್ಲಿ ಬಿರೊತೊ ತನ್ನ ಮನೆಯಲ್ಲಿ ನಡೆಸುವ ದೊಡ್ಡ ಔತಣ, ಕೊನೆಯಲ್ಲಿ ಅದೇ ಮನೆ, ಅದೇ ಔತಣ. ದಿವಾಳಿಯ ಕೋರ್ಟು, ಲೆಕ್ಕಪತ್ರ, ಒಪ್ಪಂದದ ಸಭೆ ಇವನ್ನೆಲ್ಲ ಬಾಲ್ಜಾಕ್ ಬಿಡಿಸಿರುವಷ್ಟು ವಿವರವಾಗಿ ಬಿಡಿಸಿದವರು ವಿರಳ. ಆದರೂ ಕೇಳಬೇಕಾದ ಪ್ರಶ್ನೆಯೊಂದಿದೆ. ಬಿರೊತೊ ಏಕೆ ಬಿದ್ದ? ಕಾದಂಬರಿಯ ಉತ್ತರ: ಔತಣದ ಡಂಭ, ಜಮೀನಿನ ಆಸೆ, ಹಣ ನುಂಗಿ ಓಡಿಹೋದ ನೋಟರಿ, ಹಗೆ ಸಾಧಿಸುವ ಹಳೆಯ ಗುಮಾಸ್ತ. ಎಂದರೆ, ಒಬ್ಬನ ದೌರ್ಬಲ್ಯ ಮತ್ತು ಇನ್ನಿಬ್ಬರ ದುಷ್ಟತನ. ಪೇಟೆ ತಾನೇ ತಾನಾಗಿ ಕುಸಿಯಬಹುದು, ಡಂಭವೂ ಇಲ್ಲದ ಹಗೆಯೂ ಇಲ್ಲದ ನೂರು ಅಂಗಡಿಗಳು ಒಂದೇ ತಿಂಗಳಲ್ಲಿ ಮುಚ್ಚಬಹುದು ಎಂಬುದಕ್ಕೆ ಆ ಕಥೆಯಲ್ಲಿ ಜಾಗವಿಲ್ಲ. ಎರಡು ಬಾಗಿಲಿನ ಮನೆಯಲ್ಲಿ ಬಾಳಿದವನಿಗೆ ಇದು ತಿಳಿಯದೆ ಇರಲಿಲ್ಲ. ಆದರೆ ಕಥೆಗೆ ಒಬ್ಬ ಕಳ್ಳ ಬೇಕು, ಒಬ್ಬ ಸತ್ಯವಂತ ಬೇಕು.

ಡಿಕನ್ಸನಲ್ಲಿಯೂ ಇದೇ. 1824ರಲ್ಲಿ ಅವನ ತಂದೆ ನಲವತ್ತು ಪೌಂಡಿನ ಚಿಲ್ಲರೆ ಸಾಲಕ್ಕಾಗಿ ಲಂಡನ್ನಿನ ಮಾರ್ಷಲ್‌ಸೀ ಜೈಲು ಸೇರಿದ. ಹನ್ನೆರಡು ವರ್ಷದ ಹುಡುಗ ಬೂಟಿಗೆ ಹಚ್ಚುವ ಮಸಿಯ ಕಾರ್ಖಾನೆಗೆ ಹೋದ. ಆ ಗಾಯದಿಂದ ಮುಂದೆ ‘ಲಿಟಲ್ ಡಾರಿಟ್’ ಹುಟ್ಟಿತು. 1855ರಿಂದ 1857ರವರೆಗೆ ಬಿಡಿಭಾಗಗಳಾಗಿ ಬಂದ ಆ ಕಾದಂಬರಿಯಲ್ಲಿ ಒಬ್ಬನಲ್ಲ, ಊರಿಗೆ ಊರೇ ಮುಳುಗುತ್ತದೆ. ಬಿರೊತೊವಿನ ಕಥೆಗಿಂತ ಇದು ಒಂದು ಹೆಜ್ಜೆ ಮುಂದೆ ನಿಜ. ಆದರೆ ಊರನ್ನು ಮುಳುಗಿಸುವವನು ಮರ್ಡಲ್ ಎಂಬ ಒಬ್ಬ ಮಹಾವಂಚಕ. ಅವನು ಆತ್ಮಹತ್ಯೆ ಮಾಡಿಕೊಂಡರೆ ಲೆಕ್ಕ ಮುಗಿದಂತೆ. ಸಾಲಗಾರರ ಜೈಲಿನ ಒಳಗನ್ನು ಡಿಕನ್ಸನಂತೆ ತೋರಿಸಿದವರಿಲ್ಲ. ಜನ ಅಲ್ಲಿಗೆ ಏಕೆ ಗುಂಪುಗುಂಪಾಗಿ ಬರುತ್ತಾರೆಂಬುದನ್ನು ಅವನು ಒಬ್ಬ ಕೇಡಿಯ ತಲೆಗೆ ಕಟ್ಟಿಬಿಟ್ಟ.

ಮುದ್ರಣಕ್ಕೆ ಸೇರಿದ ದಿವಾಳಿ ಇನ್ನೊಂದಿದೆ. ಮಾರ್ಕ್ ಟ್ವೇನ್ ಸ್ವಂತ ಪ್ರಕಾಶನ ಸಂಸ್ಥೆ ನಡೆಸುತ್ತಿದ್ದ. ಜತೆಗೆ, ತಾನೇ ಮೊಳೆ ಜೋಡಿಸುವ ಯಂತ್ರವೊಂದಕ್ಕೆ ವರ್ಷಗಟ್ಟಲೆ ದುಡ್ಡು ಸುರಿದಿದ್ದ. 1893ರಲ್ಲಿ ಅಮೆರಿಕದಲ್ಲಿ ಆರ್ಥಿಕ ಮುಗ್ಗಟ್ಟು ತಲೆದೋರಿತು. 1894ರ ಏಪ್ರಿಲಿನಲ್ಲಿ ಸಂಸ್ಥೆ ಮುಚ್ಚಿತು. ಮುಂದಿನ ವರ್ಷ ಅರವತ್ತರ ಅಂಚಿನ ಆ ಮುದುಕ ಭಾಷಣ ಮಾಡಿ ಹಣ ಗಳಿಸಲು ಲೋಕಸಂಚಾರ ಹೊರಟ. 1896ರ ಜನವರಿಯಲ್ಲಿ ಮುಂಬಯಿಗೆ ಬಂದಿಳಿದು, ಕಾಶಿ, ಕಲ್ಕತ್ತ, ಡಾರ್ಜಿಲಿಂಗ್‌ಗಳನ್ನೂ ನೋಡಿ ಹೋದ. ಆ ಪ್ರವಾಸದ ಪುಸ್ತಕ 1897ರಲ್ಲಿ ಬಂತು, 1898ರ ಹೊತ್ತಿಗೆ ಸಾಲ ಪೂರ್ತಿ ತೀರಿತು. ನಮ್ಮ ದೇಶದ ಬಗ್ಗೆ ಅವನು ಬರೆದ ಪುಟಗಳನ್ನು ನಕ್ಕು ಓದುವವರು ಅವು ಕಂತು ಕಟ್ಟಲು ಬರೆದ ಪುಟಗಳೆಂಬುದನ್ನೂ ನೆನೆಯಬೇಕು.

ಸ್ಕಾಟ್, ಟ್ವೇನ್ ಇಬ್ಬರ ಬಗ್ಗೆಯೂ ನನಗೆ ಗೌರವವಿದೆ. ಆದರೆ ಮಾವನ ಮಾತನ್ನು ಇವರ ಪಕ್ಕದಲ್ಲಿಟ್ಟು ನೋಡಿದಾಗ, ಹಿಂದೆ ಕಾಣದಿದ್ದದ್ದು ಕಂಡಿತು. ಇವರ ನಿಜವಾದ ಬಂಡವಾಳ ಮುದ್ರಣಾಲಯವಲ್ಲ, ಹೆಸರು ಮತ್ತು ಲೇಖನಿ. ಮುಗ್ಗಟ್ಟು ಆ ಬಂಡವಾಳವನ್ನು ಮುಟ್ಟಲಿಲ್ಲ. ಬ್ಯಾಂಕುಗಳು ಬಿದ್ದ ವರ್ಷವೂ ಸ್ಕಾಟನ ಕಾದಂಬರಿಗೆ ಓದುಗರಿದ್ದರು. ಟ್ವೇನನ ಭಾಷಣಕ್ಕೆ ಮುಂಬಯಿಯಲ್ಲೂ ಜನ ಸೇರಿದರು. ಸ್ಕಾಟನ ಆಬಟ್ಸ್‌ಫರ್ಡ್ ಬಂಗಲೆ ಹಿಂದಿನ ವರ್ಷವಷ್ಟೇ ಮಗನ ಮದುವೆಯ ಕಾಲದಲ್ಲಿ ಅವನ ಹೆಸರಿಗೆ ಹೋಗಿತ್ತು. ಟ್ವೇನನ ಗ್ರಂಥಸ್ವಾಮ್ಯಗಳು ಅವನ ಹೆಂಡತಿಯ ಹೆಸರಿಗೆ ಹೋಗುವಂತೆ ನೋಡಿಕೊಂಡವನು ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಧನಿಕನಾದ ಒಬ್ಬ ಗೆಳೆಯ. ಇದರಿಂದ ಅವರ ಪ್ರಾಮಾಣಿಕತೆ ಕಡಮೆಯಾಗುವುದಿಲ್ಲ. ಆದರೆ ದಿವಾಳಿಯ ವಿಷಯದಲ್ಲಿ ನಮಗೆ ನೀತಿಪಾಠ ಹೇಳಿದವರೆಲ್ಲ, ಮಾತನ್ನೇ ಮಾರಿ ಬದುಕಬಲ್ಲವರು ಎಂಬುದನ್ನು ಮರೆಯಬಾರದು. ಲಗ್ನಪತ್ರಿಕೆ ಅಚ್ಚುಹಾಕುವವನು ಮದುವೆಗಳೇ ನಿಂತ ಕಾಲದಲ್ಲಿ ಏನನ್ನು ಮಾರಬೇಕು? ಯಂತ್ರವನ್ನೇ ಮಾರೋಣವೆಂದರೆ ಊರಿನ ಮುದ್ರಣಾಲಯಗಳೆಲ್ಲ ಅದೇ ವಾರ ತಮ್ಮ ಯಂತ್ರ ಮಾರಲು ನಿಂತಿರುತ್ತವೆ. ಎಲ್ಲರೂ ಮಾರುವವರೇ ಆದಾಗ ಕೊಳ್ಳುವವನು ಗುಜರಿಯವನೊಬ್ಬನೇ. ಇದಕ್ಕೆ ಮಾರುವವನ ಗುಣ ಕಾರಣವಲ್ಲ, ಕಾಲದ ಗುಣ ಕಾರಣ.

ಈ ಸತ್ಯವನ್ನು ಸಾಹಿತ್ಯಕ್ಕಿಂತ ಮೊದಲು ಕಂಡುಕೊಂಡದ್ದು ಕಾನೂನು ಎಂದು ಹೇಳಲು ಸಾಹಿತ್ಯದ ಮೇಷ್ಟರಿಗೆ ಸಂಕೋಚವಾಗುತ್ತದೆ. ಅಮೆರಿಕದಲ್ಲಿ 1837ರ ಮುಗ್ಗಟ್ಟಿನ ಹಿಂದೆ 1841ರ ದಿವಾಳಿ ಕಾಯಿದೆ ಬಂತು, 1857ರ ಮುಗ್ಗಟ್ಟಿನ ಮತ್ತು ಅಂತರ್ಯುದ್ಧದ ಹಿಂದೆ 1867ರದು, 1893ರ ಹಿಂದೆ 1898ರದು. ಸಾವಿರಾರು ಜನ ಒಟ್ಟಿಗೆ ಬಿದ್ದಾಗಲೇ, ಇವರೆಲ್ಲ ಕಳ್ಳರಾಗಿರಲಾರರೆಂದು ಶಾಸನಸಭೆಗಳಿಗೆ ಹೊಳೆದದ್ದು. ಇಂಗ್ಲೆಂಡ್ 1869ರಲ್ಲಿ ಸಾಲಕ್ಕಾಗಿ ಜೈಲಿಗೆ ಹಾಕುವುದನ್ನು ಬಹುಮಟ್ಟಿಗೆ ಕೈಬಿಟ್ಟಿತು. ನಮ್ಮ ಸುಪ್ರೀಂ ಕೋರ್ಟು 1980ರ ತೀರ್ಪೊಂದರಲ್ಲಿ, ತೀರಿಸುವ ಶಕ್ತಿಯೇ ಇಲ್ಲದ ಪ್ರಾಮಾಣಿಕನನ್ನು ಬಡತನಕ್ಕಾಗಿ ಸೆರೆಗೆ ಹಾಕಲಾಗದೆಂದು ಸಾರಿತು. ಇನ್ನೂ ಹಿಂದಕ್ಕೆ ಹೋದರೆ, ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ಬರೆದ ‘ಮಿತಾಕ್ಷರ’ ಮಗ ತಂದೆಯ ಸಾಲ ತೀರಿಸಬೇಕೆಂದರೂ, ಕುಡಿತ, ಜೂಜುಗಳಂಥ ಸಾಲದ ಹೊಣೆಯನ್ನು ಅವನ ಮೇಲೆ ಹೊರಿಸುವುದಿಲ್ಲ. ಸಾಲದಲ್ಲಿ ಬಗೆಗಳುಂಟೆಂಬ ವಿವೇಕ ಅಲ್ಲಿಯೇ ಇದೆ. ಮಗನ ಆ ಧಾರ್ಮಿಕ ಹೊಣೆಯನ್ನು ಹೊಸ ಸಾಲಗಳ ಮಟ್ಟಿಗೆ 2005ರಲ್ಲಿ ಶಾಸನ ತೆಗೆದುಹಾಕಿತು. ಮನೆಗಳಲ್ಲಿ ಅದು ಇನ್ನೂ ಜಾರಿಯಲ್ಲಿದೆ ಎಂಬುದು ಬೇರೆ ಮಾತು.

ಕಾನೂನಿನ ಅಂಕಿಅಂಶಗಳನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅಮೆರಿಕದಲ್ಲಿ 2007ರಲ್ಲಿ ಸುಮಾರು 8 ಲಕ್ಷ 50 ಸಾವಿರ ದಿವಾಳಿ ಅರ್ಜಿಗಳಿದ್ದವು. 2008ರ ಮಹಾ ಮುಗ್ಗಟ್ಟಿನ ಬಳಿಕ 2010ರಲ್ಲಿ ಅವು 15 ಲಕ್ಷ 90 ಸಾವಿರವನ್ನು ದಾಟಿದವು. ಕಷ್ಟ ಏರಿದಂತೆ ದಿವಾಳಿ ಏರಿತು, ಲೆಕ್ಕ ಸರಿಯಾಯಿತು. ಆದರೆ 2020ರಲ್ಲಿ ಲೋಕವೇ ನಿಂತಾಗ ಅರ್ಜಿಗಳು ಹಿಂದಿನ ವರ್ಷದ 7 ಲಕ್ಷ 74 ಸಾವಿರದಿಂದ 5 ಲಕ್ಷ 44 ಸಾವಿರಕ್ಕೆ ಇಳಿದವು. ಸರಕಾರದ ನೆರವು, ಕಂತಿನ ಮುಂದೂಡಿಕೆ, ಬಾಗಿಲು ಹಾಕಿದ ಕೋರ್ಟು ಎಲ್ಲವೂ ಇದಕ್ಕೆ ಕಾರಣ. ನಮ್ಮಲ್ಲಿಯೂ 2020ರ ಮಾರ್ಚ್ 25ರಿಂದ ಒಂದು ವರ್ಷದ ಅವಧಿಯಲ್ಲಿ ತಪ್ಪಿದ ಸಾಲಗಳಿಗಾಗಿ ಕಂಪನಿಗಳನ್ನು ದಿವಾಳಿ ಕಟಕಟೆಗೆ ಎಳೆಯಬಾರದೆಂದು 2016ರ ಸಂಹಿತೆಯನ್ನು ತಿದ್ದಲಾಯಿತು. ಅರ್ಜಿಗೆ ಬೇಕಾದ ಕನಿಷ್ಠ ಬಾಕಿಯನ್ನು ಒಂದು ಲಕ್ಷದಿಂದ ಒಂದು ಕೋಟಿಗೆ ಏರಿಸಲಾಯಿತು. ಇವೆಲ್ಲ ಬೇಕಾದ ಕ್ರಮಗಳೇ. ಆದರೆ ಕಡತದಲ್ಲಿ ದಿವಾಳಿ ಇಳಿಯುತ್ತಿದ್ದಾಗ ಮನೆಗಳಲ್ಲಿ ಬಳೆಗಳು ಅಡವಿಗೆ ಹೋಗುತ್ತಿದ್ದವು. ಅಲ್ಲದೆ ಸಂಹಿತೆಯ ಈ ನೆರಳು ಕಂಪನಿಗಳಿಗೆ. ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗವನ್ನು 2019ರ ಡಿಸೆಂಬರಿನಲ್ಲಿ ಜಾರಿಗೆ ತಂದಾಗ, ಕಂಪನಿಯ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ ಅನ್ವಯಿಸಿ, ನನ್ನ ಮಾವನಂಥ ಒಂಟಿ ಮಾಲೀಕರನ್ನು 1909 ಮತ್ತು 1920ರ ಹಳೆಯ ಕಾಯಿದೆಗಳಿಗೇ ಬಿಟ್ಟರು. ತರಗತಿಯ ಹುಡುಗನ ಪ್ರಶ್ನೆಗೆ ನಾನು ಹೇಳಬೇಕಾಗಿದ್ದ ಉತ್ತರದಲ್ಲಿ ಇದೂ ಸೇರಬೇಕಿತ್ತು. ಕಡತಕ್ಕೆ ಬಾರದ ಈ ದಿವಾಳಿಗಳ ಲೆಕ್ಕವನ್ನು ಬೇರೆ ಯಾರೂ ಇಡುವುದಿಲ್ಲವಾದ್ದರಿಂದಲೇ ಅದು ಸಾಹಿತ್ಯದ ಪಾಲಿಗೆ ಬರುತ್ತದೆ.

‘ಕಾದಂಬರಿಕಾರನೇನು ಅರ್ಥಶಾಸ್ತ್ರಜ್ಞನೆ? ಅವನಿಗೆ ಬೇಕಾದದ್ದು ಒಬ್ಬ ಮನುಷ್ಯ, ಸರಾಸರಿಯಲ್ಲ’ ಎಂದು ನನ್ನ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಮಾತು ಸರಿ. ಆದರೆ ಒಬ್ಬನನ್ನು ಬಿಡದೆ ಹಲವರನ್ನು ತೋರಿಸಿದ ಕೃತಿಯೂ ಉಂಟು. ಸ್ಟೈನ್‌ಬೆಕ್ 1939ರಲ್ಲಿ ‘ದಿ ಗ್ರೇಪ್ಸ್ ಆಫ್ ರಾತ್’ ಬರೆದಾಗ ಜೋಡ್ ಎಂಬ ಒಂದು ಸಂಸಾರದ ಕಥೆಯ ನಡುವೆ ಹೆಸರಿಲ್ಲದ ಜನರ ಅಧ್ಯಾಯಗಳನ್ನು ಹೆಣೆದ. ಅಂಥ ಒಂದು ಅಧ್ಯಾಯದಲ್ಲಿ ಊರು ಬಿಡುವ ಒಕ್ಕಲುಗಳು ನೇಗಿಲು, ಕುದುರೆ, ಪಾತ್ರೆಪಡಗಗಳನ್ನು ಸಿಕ್ಕಿದ ಬೆಲೆಗೆ ಕೊಟ್ಟುಬಿಡುತ್ತಾರೆ. ಮಾರುವವರು ಬಹಳ, ಕೊಳ್ಳುವವನು ಒಬ್ಬ. ನನ್ನ ಮಾವ ಒಂದು ವಾಕ್ಯದಲ್ಲಿ ಹೇಳಿದ್ದು ಅಲ್ಲಿ ಕೆಲವು ಪುಟಗಳಲ್ಲಿದೆ. ಜಮೀನು ಬಿಡಿಸಲು ಬಂದವರೂ ಅಲ್ಲಿ ರಾಕ್ಷಸರಲ್ಲ. ಅವರು ಬ್ಯಾಂಕಿನ ಕಡೆಗೆ ಬೆರಳು ತೋರಿಸುತ್ತಾರೆ, ಬ್ಯಾಂಕು ಇನ್ನೆಲ್ಲಿಗೋ ತೋರಿಸುತ್ತದೆ. ಈ ಅಧ್ಯಾಯಗಳು ಕಥೆಯ ಓಟಕ್ಕೆ ಅಡ್ಡವೆಂದು ಗೊಣಗಿದವರುಂಟು. ನನಗೆ ಅವೇ ಕಾದಂಬರಿಯ ಬೆನ್ನೆಲುಬಾಗಿ ಕಾಣುತ್ತವೆ. ಅವುಗಳಿಲ್ಲದಿದ್ದರೆ ಜೋಡ್ ಸಂಸಾರವನ್ನು ನೋಡಿ ‘ಪಾಪ, ದುರದೃಷ್ಟವಂತರು’ ಎಂದು ನಾವು ಪುಸ್ತಕ ಮುಚ್ಚುತ್ತಿದ್ದೆವು.

ನಮ್ಮ ಕನ್ನಡದಲ್ಲಿ ಸಾಲದ ಕಥೆಗೆ ಕೊರತೆಯಿಲ್ಲ. ಕಾರಂತರ ‘ಚೋಮನ ದುಡಿ’ಯಲ್ಲಿ ಹಳೆಯ ಸಾಲ ಚೋಮನ ಮಕ್ಕಳನ್ನು ಕಾಫಿ ತೋಟಕ್ಕೆ ಎಳೆಯುತ್ತದೆ. ಅಲ್ಲಿ ಸಾಲ ಒಬ್ಬನ ತಪ್ಪಲ್ಲ, ಒಂದು ವ್ಯವಸ್ಥೆ ಎಂಬ ಅರಿವು 1933ರಷ್ಟು ಹಿಂದೆಯೇ ಇದೆ. ಅದೇ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಆಸ್ತಿ ಕೈಬಿಡುವುದು ಲಚ್ಚನ ದುಂದಿನಿಂದ. ಹಳ್ಳಿಯ ಜೀತದ ಸಾಲವನ್ನು ಕಂಡಷ್ಟು ಆಳವಾಗಿ ಪೇಟೆಯ ದಿವಾಳಿಯನ್ನು ನಾವು ಕಂಡಿಲ್ಲ. ನಾನು ಓದಿದ ಮಟ್ಟಿಗೆ, ನಮ್ಮ ಕಥೆಗಳಲ್ಲಿ ಅಂಗಡಿಯವನು ಬಡ್ಡಿಯ ಸಾಹುಕಾರನಾಗಿ ಬರುವುದೇ ಹೆಚ್ಚು, ತಾನೇ ಸಾಲದಲ್ಲಿ ಮುಳುಗುವ ಮನುಷ್ಯನಾಗಿ ಬರುವುದು ಕಡಮೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ 2013ರಲ್ಲಿ ಬಂದಾಗ ಒಂದು ಸಂಸಾರ ವ್ಯಾಪಾರದಿಂದ ಮೇಲೆ ಏರುವುದನ್ನೂ, ಹಣ ತರುವವನ ಸುತ್ತ ಮನೆಯ ನೀತಿಯೆಲ್ಲ ಬಾಗುವುದನ್ನೂ ಸೊಗಸಾಗಿ ತೋರಿಸಿತು. ಏರುವ ಕಥೆ ನಮಗೆ ದೊರಕಿದೆ. ಇಳಿಯುವ ಕಥೆಯನ್ನು, ಅದೂ ಬೀದಿಗೆ ಬೀದಿಯೇ ಒಟ್ಟಿಗೆ ಇಳಿಯುವ ಕಥೆಯನ್ನು ನಾವು ಬರೆಯಬೇಕಾಗಿದೆ. ಅದಕ್ಕೆ ಸ್ಟೈನ್‌ಬೆಕ್ಕನ ತಂತ್ರವನ್ನೇ ತರಬೇಕಾಗಿಲ್ಲ. ಕಥೆ ನಿಲ್ಲಿಸಿ ಊರಿನ ಮಾತಾಡುವ ಹರಿಕಥೆಯ ದಾಸರೂ, ಪಾತ್ರಗಳ ಹಿಂದೆ ನಿಂತು ಎಲ್ಲರ ಪರವಾಗಿ ಹಾಡುವ ಯಕ್ಷಗಾನದ ಭಾಗವತರೂ ನಮ್ಮಲ್ಲಿಯೇ ಇದ್ದಾರೆ.

ಬ್ಯಾಂಕುಗಳನ್ನು ಮುಳುಗಿಸಿ ವಿಮಾನ ಹತ್ತಿದವರೂ ಈ ದೇಶದಲ್ಲಿದ್ದಾರೆ, ಎಲ್ಲ ದಿವಾಳಿಯೂ ನಿರ್ದೋಷವೆಂದು ನಾನು ಹೇಳುತ್ತಿಲ್ಲ. ಅಂಥವರ ಕಥೆ ಬರೆಯುವುದು ಸುಲಭ. ಕಳ್ಳನಿದ್ದಾನೆ, ಕಳವಿದೆ, ಓಟವಿದೆ. ಕಷ್ಟವಾದದ್ದು ಕಳ್ಳನಿಲ್ಲದ ದಿವಾಳಿಯ ಕಥೆ. ಅಲ್ಲಿ ಓದುಗನ ಸಿಟ್ಟಿಗೆ ಗುರಿಯಿರುವುದಿಲ್ಲ, ಕೊನೆಗೆ ವಿಶ್ವನಾಥ ಪ್ರತ್ಯಕ್ಷನಾಗಿ ಕಳೆದದ್ದನ್ನೆಲ್ಲ ಮರಳಿ ಕೊಡುವುದಿಲ್ಲ. ಇಷ್ಟು ಹೇಳಿದ ಮೇಲೆ ರಾಘವಾಂಕನಿಗೂ ನ್ಯಾಯ ಸಲ್ಲಿಸಬೇಕು. ಸಾಲ ಮಾಡಿದವನ ಸತ್ಯಕ್ಕೆ ಮೊದಲು ಬೆಲೆ ತೆರುವವರು ಹೆಂಡತಿ ಮಕ್ಕಳು ಎಂಬುದನ್ನು ಅವನು ಮುಚ್ಚಿಡಲಿಲ್ಲ. ಕಾಶಿಯ ಬೀದಿಯಲ್ಲಿ ಚಂದ್ರಮತಿಯೂ ಲೋಹಿತಾಶ್ವನೂ ಬಿಕರಿಯಾಗುವ ಸಂದರ್ಭವನ್ನು ಈಗ ಪಾಠ ಮಾಡುವಾಗ ಅತ್ತೆಯ ಬರಿಗೈ ನನ್ನ ಕಣ್ಣಿಗೆ ಬರುತ್ತದೆ. ಆ ಪದ್ಯಗಳ ಕರುಣರಸ ಮೊದಲಿಗಿಂತ ಹೆಚ್ಚಾಗಿಯೇ ತಟ್ಟುತ್ತದೆ. ನಾನು ತಪ್ಪಿದ್ದು ಕಾವ್ಯವನ್ನು ಓದಿದ್ದರಲ್ಲಲ್ಲ, ಅದನ್ನು ಮಾವನ ಮೇಲೆ ತೀರ್ಪಿನಂತೆ ಪ್ರಯೋಗಿಸಿದ್ದರಲ್ಲಿ.

2022ರಲ್ಲಿ ಮಾವನ ಯಂತ್ರ ಕೊಂಡ ಬೆಲೆಯ ಕಾಲುಭಾಗಕ್ಕೂ ಕಡಮೆಗೆ ಹೋಯಿತು. ಮನೆಯ ಹಿಂದಿನ ನಿವೇಶನ ಮಾರಿ ಬ್ಯಾಂಕಿನೊಡನೆ ಒಂದೇ ಗಂಟಿನ ಇತ್ಯರ್ಥ ಮಾಡಿಕೊಂಡರು. ಈಗ ಇನ್ನೊಬ್ಬರ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಾರೆ. ಕಳೆದ ಯುಗಾದಿಗೆ ಹೋದಾಗ, ಹಳೆಯದನ್ನು ಸ್ವಲ್ಪ ಸರಿಪಡಿಸೋಣವೆಂದು ಸ್ಕಾಟನ ಕಥೆ ಹೇಳಿದೆ. ಒಂಬತ್ತು ಸಂಪುಟಗಳ ವಿಷಯ ಹೇಳುವಾಗ ಅವರಿಗೆ ಹೆಚ್ಚು ಆಸಕ್ತಿ ಕಾಣಲಿಲ್ಲ. ನಡುವೆ ತಡೆದು, “ಆ ಪ್ರೆಸ್ ಏನಾಯ್ತು?” ಎಂದು ಕೇಳಿದರು. ಸಾಲ ಕೊಟ್ಟವರು ಅದನ್ನು ಮುಚ್ಚಿಸಲಿಲ್ಲ, ಬ್ಯಾಲಂಟೈನನನ್ನೇ ಸಂಬಳಕ್ಕಿಟ್ಟುಕೊಂಡು ನಡೆಸಿದರು, ಸ್ಕಾಟನ ಪುಸ್ತಕಗಳು ಅಲ್ಲಿಯೇ ಅಚ್ಚಾದವು ಎಂದೆ. ಮಾವ ತಲೆಯಾಡಿಸಿ, “ಹಾಗಾದ್ರೆ ಆ ಸಾಲ ಕೊಟ್ಟೋರು ಬುದ್ಧಿವಂತರು ಬಿಡು. ಯಂತ್ರ ಓಡ್ತಾ ಇದ್ರೆ ತಾನೆ ಅವರಿಗೂ ದುಡ್ಡು” ಎಂದರು. ಇನ್ನೂರು ವರ್ಷಗಳ ಸ್ಕಾಟ್ ವಿಮರ್ಶೆಯಲ್ಲಿ ನಾನು ಓದಿದ್ದೆಲ್ಲ ಸಾಲ ತೀರಿಸಿದವನ ದೊಡ್ಡತನ. ಕಾಯ್ದವರ ಬುದ್ಧಿಯನ್ನು ಗಮನಿಸಿದವರು ನನಗೆ ಸಿಕ್ಕಿರಲಿಲ್ಲ.